ಯಾರು ಯಾರನ್ನು ದೂರಲಿಲ್ಲ? ಕಾರಿನ ಕ್ಯಾನ್ ಜಾಲದ ಒಂದು ದೋಷದ ಪ್ರಕರಣ

ಈ ಕಾರು ನನ್ನ ಹತ್ತಿರ ಬರುವ ಹೊತ್ತಿಗೆ ಅದಕ್ಕೆ ಹೊಸ ಬ್ಯಾಟರಿ ಹಾಕಿ ಆಗಿತ್ತು. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್‌ಗೂ ಹೊಸ ಮಾಡ್ಯೂಲ್, ಅಂದರೆ ಅದನ್ನು ನಡೆಸುವ ಪುಟ್ಟ ಕಂಪ್ಯೂಟರ್, ಹಾಕಿ ಆಗಿತ್ತು. ಮುಂದೆ ಸ್ಟೀರಿಂಗ್ ಮಾಡ್ಯೂಲ್ ಬದಲಿಸಬೇಕಾಗಬಹುದು ಅಂತ ಮಾಲೀಕರಿಗೆ ಯಾರೋ ಹೇಳಿದ್ದರು. ದೋಷ ಮಾತ್ರ ಇದ್ದ ಹಾಗೇ ಇತ್ತು.

ಅವರು ಹೇಳಿದ್ದು ಇಷ್ಟು. ಗಾಡಿ ಚೆನ್ನಾಗಿಯೇ ಓಡುತ್ತಿರುತ್ತದೆ. ಹಂಪ್ ಹತ್ತಿ ಇಳಿದಾಗ, ಇಲ್ಲವೇ ನಿಂತ ಗಾಡಿಯನ್ನು ಸ್ವಲ್ಪ ಜೋರಾಗಿ ಮುಂದಕ್ಕೆ ತೆಗೆದಾಗ, ಮೀಟರ್‌ನಲ್ಲಿ ದೀಪಗಳು ಒಟ್ಟಿಗೆ ಹತ್ತಿಕೊಳ್ಳುತ್ತವೆ. ಎಬಿಎಸ್, ಏರ್‌ಬ್ಯಾಗ್, ಸ್ಟೀರಿಂಗ್, ಎಂಜಿನ್, ಎಲ್ಲವೂ. ಸ್ಪೀಡ್ ಮುಳ್ಳು ಸೊನ್ನೆಗೆ ಬೀಳುತ್ತದೆ. ಆರ್‌ಪಿಎಂ ಮುಳ್ಳು ಸಹ ಬೀಳುತ್ತದೆ. ಸ್ಟೀರಿಂಗ್ ಭಾರವಾಗುತ್ತದೆ. ಎರಡು ಮೂರು ಸೆಕೆಂಡ್ ಕಳೆದರೆ ಮತ್ತೆ ಮೊದಲಿನ ಹಾಗೆ. ಇಷ್ಟೆಲ್ಲ ಆದರೂ ಎಂಜಿನ್ ಒಮ್ಮೆಯೂ ನಿಂತಿಲ್ಲ. ಆದರೆ ಒಂದು ಸಲ ಬೆಳಗ್ಗೆ ಸ್ಟಾರ್ಟರ್ ತಿರುಗಿತು, ಎಂಜಿನ್ ಸ್ಟಾರ್ಟ್ ಆಗಲಿಲ್ಲ. ಬಾಗಿಲು ಮುಚ್ಚಿ ತೆಗೆದು ಏನೇನೋ ಮಾಡಿದ ಮೇಲೆ ಆಯಿತು.

"ಸರ್, ತಿರುವಿನಲ್ಲಿ ಸ್ಟೀರಿಂಗ್ ಗಟ್ಟಿಯಾದರೆ ಏನು ಗತಿ? ನಾನು ಈಗ ಮನೆಯವರನ್ನು ಈ ಗಾಡಿಯಲ್ಲಿ ಕೂರಿಸುತ್ತಿಲ್ಲ" ಅಂದರು. ಅವರ ಭಯ ನ್ಯಾಯವಾದದ್ದೇ. ಹಾಗಾಗಿ ಒಂದೊಂದೇ ಭಾಗ ಬದಲಿಸಿ ನೋಡುವ ಆಟ ಇಲ್ಲಿಗೆ ನಿಲ್ಲಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಂಡೆ.

ಅವರ ಮಾತಿನಲ್ಲೇ ಒಂದು ಒಳ್ಳೆಯ ಸುಳಿವಿತ್ತು. ಎಂಜಿನ್ ಓಡುತ್ತಿದೆ, ಆದರೆ ಆರ್‌ಪಿಎಂ ಮುಳ್ಳು ಬೀಳುತ್ತದೆ. ಅಂದರೆ ಎಂಜಿನ್ ಮಾಡ್ಯೂಲ್ ಬದುಕಿದೆ, ಅದು ಹೇಳಿದ್ದು ಮೀಟರ್‌ಗೆ ಕೇಳುತ್ತಿಲ್ಲ. ಎಬಿಎಸ್ ಒಂದೇ ಕೆಟ್ಟಿದ್ದರೆ ಸ್ಪೀಡ್ ಮುಳ್ಳು ಬೀಳಬೇಕಿತ್ತು, ಆರ್‌ಪಿಎಂ ಮುಳ್ಳು ಯಾಕೆ ಬೀಳಬೇಕು?

ಒಂದೇ ಜೋಡಿ ತಂತಿ

ಈ ಪ್ರಶ್ನೆಗೆ ಉತ್ತರ ಬೇಕಾದರೆ ಮಾಡ್ಯೂಲ್‌ಗಳು ಹೇಗೆ ಮಾತಾಡುತ್ತವೆ ಅನ್ನುವುದು ಗೊತ್ತಿರಬೇಕು. ಚಕ್ರದ ವೇಗವನ್ನೇ ನೋಡಿ. ಅದನ್ನು ಅಳೆಯುವುದು ಎಬಿಎಸ್. ಆದರೆ ಬೇಕಿರುವುದು ಮೀಟರ್‌ಗೆ, ಗೇರ್‌ಬಾಕ್ಸಿಗೆ, ಸ್ಟೀರಿಂಗಿಗೆ, ಎಂಜಿನ್‌ಗೆ, ತಾನಾಗಿ ಲಾಕ್ ಆಗುವ ಬಾಗಿಲಿಗೆ. ಒಬ್ಬೊಬ್ಬರಿಗೂ ಬೇರೆ ಬೇರೆ ವೈರ್ ಎಳೆದರೆ ಕಾರಿನ ತುಂಬ ವೈರೇ ಆಗುತ್ತದೆ. ಬಾಷ್ ಕಂಪನಿಯ ಎಂಜಿನಿಯರ್‌ಗಳು 1983ರಲ್ಲಿ ಈ ತೊಡಕಿನ ಮೇಲೆ ಕೆಲಸ ಶುರು ಮಾಡಿದರು. 1986ರಲ್ಲಿ ಡೆಟ್ರಾಯಿಟ್‌ನಲ್ಲಿ ತಮ್ಮ ಉತ್ತರವನ್ನು ಜಗತ್ತಿನ ಮುಂದಿಟ್ಟರು. ಅದೇ ಕ್ಯಾನ್, ಅಂದರೆ ಕಂಟ್ರೋಲರ್ ಏರಿಯಾ ನೆಟ್‌ವರ್ಕ್. 1993ರಲ್ಲಿ ಅದು ಐಎಸ್ಒ 11898 ಅನ್ನುವ ಅಂತರರಾಷ್ಟ್ರೀಯ ಮಾನದಂಡವಾಯಿತು.

ಅದರಲ್ಲಿ ಇರುವುದು ಒಂದಕ್ಕೊಂದು ಹೆಣೆದ ಎರಡೇ ತಂತಿ, ಕ್ಯಾನ್ ಹೈ ಮತ್ತು ಕ್ಯಾನ್ ಲೋ. ಎಲ್ಲ ಮಾಡ್ಯೂಲ್‌ಗಳೂ ಅದೇ ಜೋಡಿಗೆ ಕಟ್ಟಿಕೊಂಡಿರುತ್ತವೆ. ಮಾತಾಡುವ ರೀತಿ ಫೋನಿನ ಹಾಗಲ್ಲ, ಡಂಗುರ ಸಾರಿದ ಹಾಗೆ. "ಮೀಟರ್, ಇಗೋ ನಿನಗೆ ವೇಗ" ಅಂತ ಎಬಿಎಸ್ ಹೇಳುವುದಿಲ್ಲ. "ಚಕ್ರದ ವೇಗ ಇಷ್ಟು" ಅಂತ ಸಾರುತ್ತದೆ. ಬೇಕಾದವರು ಕೇಳಿಸಿಕೊಳ್ಳುತ್ತಾರೆ. ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ. ಅದು ಯಾರಿಗೆ ಅನ್ನುವುದನ್ನಲ್ಲ, ಯಾವುದರ ಬಗ್ಗೆ ಅನ್ನುವುದನ್ನು ತಿಳಿಸುತ್ತದೆ.

ಇಬ್ಬರು ಒಟ್ಟಿಗೆ ಬಾಯಿ ತೆರೆದರೆ? ಇಲ್ಲಿ ಒಂದು ತುಂಬ ಸೊಗಸಾದ ಉಪಾಯವಿದೆ. ಯಾರೂ ಮಾತಾಡದಿದ್ದಾಗ ಎರಡೂ ತಂತಿ 2.5 ವೋಲ್ಟ್‌ನಲ್ಲಿ ಇರುತ್ತವೆ. ಸಂದೇಶ ಅಂದರೆ ಸೊನ್ನೆ, ಒಂದುಗಳ ಸಾಲು, ಒಂದೊಂದು ಅಂಕಿಯೂ ಒಂದು ಬಿಟ್. ತಂತಿಗಳ ಈ ಸ್ಥಿತಿಯೇ 1. ಸೊನ್ನೆ ಕಳಿಸುವಾಗ ಮಾಡ್ಯೂಲ್ ಹೈ ತಂತಿಯನ್ನು ಸುಮಾರು 3.5ಕ್ಕೆ ಎತ್ತಿ, ಲೋ ತಂತಿಯನ್ನು 1.5ಕ್ಕೆ ಇಳಿಸುತ್ತದೆ. ಒಬ್ಬರು ಸೊನ್ನೆ, ಇನ್ನೊಬ್ಬರು ಒಂದು ಕಳಿಸಿದರೆ ತಂತಿಯ ಮೇಲೆ ಕಾಣುವುದು ಸೊನ್ನೆಯೇ. ಒಂದು ಕಳಿಸಿದವನು "ನಾನು ಹೇಳಿದ್ದು ಬೇರೆ, ಕಾಣುತ್ತಿರುವುದು ಬೇರೆ" ಅಂತ ತಿಳಿದು ಅಲ್ಲೇ ಸುಮ್ಮನಾಗುತ್ತಾನೆ. ಹಾಗಾಗಿ ಚಿಕ್ಕ ಸಂಖ್ಯೆಯ ಸಂದೇಶ ಗೆಲ್ಲುತ್ತದೆ, ಅದರ ಒಂದು ಬಿಟ್ ಕೂಡ ಕೆಡುವುದಿಲ್ಲ. ಸೋತವನು ಸಾಲು ಖಾಲಿಯಾದ ತಕ್ಷಣ ಮತ್ತೆ ಕಳಿಸುತ್ತಾನೆ. ಸೆಕೆಂಡಿಗೆ 500 ಕಿಲೋಬಿಟ್ ವೇಗದಲ್ಲಿ ಒಂದು ಬಿಟ್‌ಗೆ 2 ಮೈಕ್ರೋಸೆಕೆಂಡ್. 8 ಬೈಟ್ ಹೊತ್ತ ಒಂದು ಪೂರ್ತಿ ಸಂದೇಶಕ್ಕೆ ಹೆಚ್ಚುಕಡಿಮೆ ಕಾಲು ಮಿಲಿಸೆಕೆಂಡ್. ಕಾಯುವುದು ಜಾಸ್ತಿ ಹೊತ್ತೇನಲ್ಲ.

ಇನ್ನೊಂದು ನಿಯಮ ಈ ಪ್ರಕರಣಕ್ಕೆ ಬೇಕು. ಸಂದೇಶದ ಕೊನೆಯಲ್ಲಿ ಕಳಿಸಿದವನು ಒಂದು ಬಿಟ್ ಜಾಗ ಖಾಲಿ ಬಿಡುತ್ತಾನೆ. ಸರಿಯಾಗಿ ಕೇಳಿಸಿಕೊಂಡ ಯಾರಾದರೂ ಅಲ್ಲಿ ಸೊನ್ನೆ ಒತ್ತಿ "ಹೂಂ" ಅನ್ನಬೇಕು. ಒಬ್ಬರು ಹೂಂ ಅಂದರೂ ಸಾಕು. ಬೇಕಾದವರೇ ಅಂದರಾ, ಎಲ್ಲರೂ ಅಂದರಾ ಅಂತ ಕಳಿಸಿದವನಿಗೆ ಗೊತ್ತಾಗುವುದಿಲ್ಲ.

ಕೋಡ್‌ಗಳು ಹೇಳಿದ ಕಥೆ

ಈ ಕಾರಿನ ಮುಖ್ಯ ಕ್ಯಾನ್ ಸಾಲಿನಲ್ಲಿ ಏಳು ಮಾಡ್ಯೂಲ್. ಬಾನೆಟ್ ಕೆಳಗೆ ಎಂಜಿನ್, ಗೇರ್‌ಬಾಕ್ಸ್, ಎಬಿಎಸ್. ಒಳಗೆ ಸ್ಟೀರಿಂಗ್, ಏರ್‌ಬ್ಯಾಗ್, ಬಾಡಿ ಕಂಟ್ರೋಲ್ (ಕಿಟಕಿ, ಕೀ ಇಂಥವನ್ನು ನೋಡಿಕೊಳ್ಳುವುದು), ಮೀಟರ್. ನಾನು ಸ್ಕ್ಯಾನರ್ ಹಾಕಿ ಏಳನ್ನೂ ಒಂದೊಂದಾಗಿ ತೆರೆದು, ಅವು ಬರೆದಿಟ್ಟ ದೋಷದ ಕೋಡ್‌ಗಳನ್ನು ಓದಿದೆ. ಕಾಗದದ ಮೇಲೆ ಏಳು ಸಾಲು, ಏಳು ಕಂಬ ಎಳೆದು, ಯಾರು ಯಾರನ್ನು ದೂರಿದ್ದಾರೆ ಅಂತ ಗುರುತು ಹಾಕುತ್ತ ಹೋದೆ. ಇದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಇದನ್ನು ಬಿಟ್ಟು ಮುಂದೆ ಹೋಗುವುದೇ ಮಾಡ್ಯೂಲ್‌ಗಳು ವ್ಯರ್ಥವಾಗಿ ಬದಲಾಗಲು ಮೊದಲ ಕಾರಣ ಅನ್ನುವುದು ನನ್ನ ಅನುಭವ.

ಸಂಪರ್ಕ ತಪ್ಪಿದ ದೂರುಗಳೆಲ್ಲ ಯು ಅಕ್ಷರದಿಂದ ಶುರುವಾಗುತ್ತವೆ. ಯು0100 ಅಂದರೆ ಎಂಜಿನ್ ಮಾಡ್ಯೂಲ್ ದನಿ ಕೇಳುತ್ತಿಲ್ಲ. ಯು0101 ಗೇರ್‌ಬಾಕ್ಸ್, ಯು0121 ಎಬಿಎಸ್, ಯು0131 ಸ್ಟೀರಿಂಗ್, ಯು0140 ಬಾಡಿ ಕಂಟ್ರೋಲ್, ಯು0155 ಮೀಟರ್.

ಮೀಟರ್‌ನಲ್ಲಿ 0100, 0101, 0121 ಇದ್ದವು. ಸ್ಟೀರಿಂಗ್‌ನಲ್ಲಿ 0100, 0121. ಬಾಡಿ ಕಂಟ್ರೋಲ್‌ನಲ್ಲೂ ಅವೇ ಎರಡು. ಏರ್‌ಬ್ಯಾಗ್‌ನಲ್ಲಿ 0121 ಒಂದೇ. ನಾಲ್ವರೂ ಎಬಿಎಸ್ ಕಡೆ ಬೆರಳು ತೋರಿಸಿದ್ದರು. ಹಿಂದೆ ನೋಡಿದವರು ಎಬಿಎಸ್ ಬದಲಿಸಿದ್ದು ಇದೇ ಕಾರಣಕ್ಕೆ. ಎಂಜಿನ್ ಓಡುತ್ತಿದೆಯಲ್ಲ, ಅದು ಸರಿಯಿದೆ ಅಂತ 0100ನ್ನು ಪಕ್ಕಕ್ಕೆ ಇಟ್ಟಿರಬೇಕು. ಅದು ತೀರ ಆಧಾರವಿಲ್ಲದ ಊಹೆಯೂ ಅಲ್ಲ. ಕೆಟ್ಟ ಮಾಡ್ಯೂಲ್ ಒಂದು ಇಡೀ ಸಾಲನ್ನೇ ಕೆಡಿಸುವುದುಂಟು.

ಆದರೆ ಬಾನೆಟ್ ಕೆಳಗಿನ ಮೂವರು ಏನು ಹೇಳುತ್ತಿದ್ದರು? ಎಂಜಿನ್‌ನಲ್ಲಿ 0140 ಮತ್ತು 0155. ಗೇರ್‌ಬಾಕ್ಸಿನಲ್ಲಿ 0140. ಎಬಿಎಸ್‌ನಲ್ಲಿ 0131 ಮತ್ತು 0140. ಕಾಗದ ನೋಡಿ ನನ್ನ ಜೊತೆಯ ಹುಡುಗ, "ಅಣ್ಣಾ, ಎಲ್ಲರೂ ಎಲ್ಲರನ್ನೂ ಬೈತಾ ಇದಾರಲ್ಲ" ಅಂದ.

ಇಲ್ಲ, ಎಲ್ಲರೂ ಎಲ್ಲರನ್ನೂ ಬೈದಿರಲಿಲ್ಲ. ಎಂಜಿನ್ ಎಬಿಎಸ್ ಮೇಲೆ ಒಂದೂ ದೂರು ಬರೆದಿರಲಿಲ್ಲ. ಗೇರ್‌ಬಾಕ್ಸ್ ಎಂಜಿನ್ ಮೇಲೆ ಬರೆದಿರಲಿಲ್ಲ. ಮೀಟರ್ ಬಾಡಿ ಕಂಟ್ರೋಲ್ ಮೇಲೆ ಬರೆದಿರಲಿಲ್ಲ. ದೂರುಗಳೆಲ್ಲ ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ. ಗುಂಪಿನ ಒಳಗೆ ಪೂರ್ತಿ ಶಾಂತಿ. ಹೊರಗಿನ ಮೂವರು ಒಂದು ಕಡೆ, ಒಳಗಿನ ನಾಲ್ವರು ಇನ್ನೊಂದು ಕಡೆ. ನಡುವೆ ಎಲ್ಲೋ ಸಾಲು ಕಡಿಯುತ್ತಿದೆ.

ಇಲ್ಲಿ ಎಡವಬಹುದಾದ ಒಂದು ಜಾಗವಿದೆ. ಎಂಜಿನ್ ಎಬಿಎಸ್ ಮಾತನ್ನು ಕೇಳುವುದೇ ಇಲ್ಲ ಅಂತಾದರೆ ಅದು ದೂರದಿರುವುದಕ್ಕೆ ಬೆಲೆಯಿಲ್ಲ. ಅದನ್ನು ಊಹೆಗೆ ಬಿಡಬಾರದು ಅಂತ ಗಾಡಿ ನಿಲ್ಲಿಸಿ, ಕೋಡ್ ಎಲ್ಲ ಅಳಿಸಿ, ಎಬಿಎಸ್ ಫ್ಯೂಸ್‌ಗಳನ್ನು ಕಿತ್ತು ಇಗ್ನಿಷನ್ ಹಾಕಿದೆ. ಎಂಜಿನ್, ಗೇರ್‌ಬಾಕ್ಸ್ ಎರಡರಲ್ಲೂ ತಕ್ಷಣ ಯು0121 ಬಂತು. ಎಬಿಎಸ್ ನಿಜವಾಗಿ ಬಾಯಿ ಮುಚ್ಚಿದ್ದರೆ ಇವರಿಬ್ಬರೂ ಹೇಳುತ್ತಿದ್ದರು. ಹೇಳಿರಲಿಲ್ಲ. ಎಬಿಎಸ್ ಮಾಡ್ಯೂಲ್ ಬದಲಿಸುವ ಮೊದಲು ಈ ಫ್ಯೂಸ್‌ಗಳನ್ನು ಕಿತ್ತು ನೋಡಿದ್ದರೆ ಅದು ಉಳಿಯುತ್ತಿತ್ತು. ಅದು ಈಗಲೂ ನನಗೆ ಬೇಸರದ ವಿಷಯ.

ಇನ್ನೊಂದು ಕೋಡ್ ಇಲ್ಲದಿರುವುದು ಸಹ ಮುಖ್ಯವಾಗಿತ್ತು. ಯು0073, ಅಂದರೆ ಸಾಲಿನಿಂದ ಹೊರಬಿದ್ದ ದೂರು, ಎಲ್ಲೂ ಇರಲಿಲ್ಲ. ಹೈ ಮತ್ತು ಲೋ ಒಂದಕ್ಕೊಂದು ತಾಗಿ ಶಾರ್ಟ್ ಆಗಿದ್ದರೆ ಯಾರೂ ಸೊನ್ನೆ ಕಳಿಸಲಾರರು. ಸಂದೇಶ ಕೆಟ್ಟಾಗಲೆಲ್ಲ ಕಳಿಸುವವನ ತಪ್ಪಿನ ಲೆಕ್ಕ 8 ಏರುತ್ತದೆ, ಸರಿಯಾಗಿ ಹೋದಾಗಲೆಲ್ಲ 1 ಇಳಿಯುತ್ತದೆ. ಲೆಕ್ಕ 255 ದಾಟಿದರೆ ಮಾಡ್ಯೂಲ್ ತಾನಾಗಿ ಸಾಲಿನಿಂದ ಹಿಂದೆ ಸರಿಯಬೇಕು. ಇಲ್ಲಿ ಹಾಗಾಗಲಿಲ್ಲ. ಎರಡು ಗುಂಪಿನಲ್ಲೂ "ಹೂಂ" ಅನ್ನಲು ಪಕ್ಕದವರು ಇದ್ದರು. ಕಳಿಸಿದವನಿಗೆ ತನ್ನ ಮಾತು ತಲುಪಿತು ಅಂತಲೇ ಅನಿಸುತ್ತಿತ್ತು. ಆಚೆ ಗುಂಪಿಗೆ ಏನೂ ಕೇಳುತ್ತಿರಲಿಲ್ಲ.

ಮಾಲೀಕರ ಪ್ರತಿ ಮಾತಿಗೂ ಈಗ ಅರ್ಥ ಬಂತು. ವೇಗ, ಆರ್‌ಪಿಎಂ ಎರಡೂ ಹೊರಗಿನಿಂದ ಒಳಗೆ ಬರಬೇಕಾದ ಸಂದೇಶ, ಹಾಗಾಗಿ ಮುಳ್ಳು ಬಿದ್ದವು. ಸ್ಟೀರಿಂಗ್‌ಗೆ ಗಾಡಿಯ ವೇಗ ಗೊತ್ತಾಗದಿದ್ದಾಗ ಅದು ಹೆಚ್ಚು ವೇಗದಲ್ಲಿ ಕೊಡುವಷ್ಟು ಕಡಿಮೆ ಸಹಾಯಕ್ಕೆ ಇಳಿಯುತ್ತದೆ. ನಿಧಾನವಾಗಿ ತಿರುಗುವಾಗ ಅದು ಭಾರ ಅನಿಸುವುದು ಸಹಜ. ಎಂಜಿನ್ ಓಡಲು ಒಳಗಿನವರ ಮಾತು ಬೇಕಿಲ್ಲ. ಆದರೆ ಸ್ಟಾರ್ಟ್ ಆಗುವಾಗ ಬೇಕು, ಕೀ ಸರಿಯಿದೆ ಅನ್ನುವ ಒಪ್ಪಿಗೆ ಬಾಡಿ ಕಂಟ್ರೋಲ್‌ನಿಂದ ಎಂಜಿನ್‌ಗೆ ಇದೇ ತಂತಿಯಲ್ಲಿ ಹೋಗಬೇಕು. ಆ ಬೆಳಗ್ಗೆ ಅದು ತಲುಪಿರಲಿಲ್ಲ.

"ಮತ್ತೆ ಕಿಟಕಿ ಗಾಜು ಯಾವತ್ತೂ ಕೈಕೊಡಲಿಲ್ಲವಲ್ಲ?" ಅಂತ ಅವರು ಕೇಳಿದರು. ಒಳ್ಳೆಯ ಪ್ರಶ್ನೆ. ಈ ಕಾರಿನಲ್ಲಿ ಕಿಟಕಿಯ ಸ್ವಿಚ್‌ಗಳು ಲಿನ್ ಅನ್ನುವ ಬೇರೆ ಸಾಲಿನಲ್ಲಿವೆ. ಅದಕ್ಕೆ ಒಂದೇ ತಂತಿ, ಸೆಕೆಂಡಿಗೆ ಹೆಚ್ಚೆಂದರೆ 20 ಕಿಲೋಬಿಟ್. ಬಾಡಿ ಕಂಟ್ರೋಲ್ ಅದರ ಯಜಮಾನ. ಅದು ಕೇಳಿದಾಗ ಮಾತ್ರ ಉಳಿದವರು ಉತ್ತರ ಕೊಡುತ್ತಾರೆ. ಕಡಿದ ಜಾಗಕ್ಕೂ ಅದಕ್ಕೂ ಸಂಬಂಧವಿಲ್ಲ.

60 ಮತ್ತು 120

ಮುಂದಿನದು ಮಲ್ಟಿಮೀಟರ್ ಕೆಲಸ. ಕ್ಯಾನ್ ಸಾಲಿನ ಎರಡೂ ತುದಿಯಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. ಸಿಗ್ನಲ್ ತುದಿಗೆ ಬಡಿದು ಪ್ರತಿಧ್ವನಿಯ ಹಾಗೆ ವಾಪಸ್ ಬರದಿರಲಿ ಅಂತ ಅದು ಇರುವುದು. ಈ ಕಾರಿನಲ್ಲಿ ಒಂದು ಎಂಜಿನ್ ಮಾಡ್ಯೂಲ್ ಒಳಗೆ, ಇನ್ನೊಂದು ಮೀಟರ್ ಒಳಗೆ. ಎರಡೂ ಅದೇ ಜೋಡಿ ತಂತಿಯ ನಡುವೆ ಪ್ಯಾರಲಲ್ ಆಗಿ ಇರುವುದರಿಂದ ಸೇರಿದರೆ ಅರ್ಧ, 60 ಓಮ್. ಸ್ಕ್ಯಾನರ್ ಸಿಕ್ಕಿಸುವ ಒಬಿಡಿ ಸಾಕೆಟ್‌ನ 6 ಮತ್ತು 14ನೇ ಪಿನ್ ನಡುವೆ ಅಳೆದರೆ ಇದು ಸಿಗುತ್ತದೆ. ಬ್ಯಾಟರಿ ಬಿಚ್ಚಿ ಅಳೆಯಬೇಕು. ಮಾಡ್ಯೂಲ್‌ಗಳು ಎಚ್ಚರ ಇದ್ದರೆ ಮಲ್ಟಿಮೀಟರ್ ತೋರಿಸುವ ಅಂಕಿ ನಂಬುವಂಥದ್ದಲ್ಲ.

ಅಳೆದೆ. 60 ಬಂತು. ಹಿಂದೆ ನೋಡಿದವರೂ ಇದನ್ನು ಅಳೆದಿದ್ದರಂತೆ, ವೈರಿಂಗ್ ಚೆನ್ನಾಗಿದೆ ಅಂತ ಬರೆದಿದ್ದರಂತೆ. ನಿಂತ ಗಾಡಿಯಲ್ಲಿ, ತಣ್ಣಗಿನ ಎಂಜಿನ್ ಇಟ್ಟುಕೊಂಡು ಅಳೆದರೆ ಅದು ನಿಂತ ಗಾಡಿಯ ಸತ್ಯ ಅಷ್ಟೇ. ಈ ದೋಷ ಬರುವುದು ಗಾಡಿ ಕುಲುಕಿದಾಗ. ಹಾಗಾಗಿ ಮಲ್ಟಿಮೀಟರನ್ನು ಅತಿ ಕಡಿಮೆ, ಅತಿ ಹೆಚ್ಚು ಹಿಡಿದಿಡುವ ಮೋಡ್‌ಗೆ ಹಾಕಿ, ಹುಡುಗನಿಗೆ ಎಂಜಿನ್ ಹಿಡಿದು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಲು ಹೇಳಿದೆ. ಮೂರನೇ ಸಲಕ್ಕೆ ಅಂಕಿ ಹಾರಿತು. 120. ಮತ್ತೆ 60. ಮತ್ತೆ 120.

ಇದಕ್ಕಿಂತ ಸ್ಪಷ್ಟವಾಗಿ ಯಾವ ಕಾರೂ ಮಾತಾಡಲಾರದು. ಶಾರ್ಟ್ ಆಗಿದ್ದರೆ ಸೊನ್ನೆಯ ಹತ್ತಿರ ಹೋಗಬೇಕಿತ್ತು. 120 ಅಂದರೆ ಎರಡರಲ್ಲಿ ಒಂದು ತುದಿಯ ರೆಸಿಸ್ಟರ್ ಕಾಣೆಯಾಗುತ್ತಿದೆ. ಒಬಿಡಿ ಸಾಕೆಟ್ ಇರುವುದು ಒಳಗೆ, ಹಾಗಾಗಿ ಕಾಣೆಯಾಗುತ್ತಿರುವುದು ಎಂಜಿನ್ ತುದಿ. ಕಾಗದದ ಮೇಲಿನ ಎರಡು ಗುಂಪಿಗೂ ಇದಕ್ಕೂ ಸರಿಯಾಗಿ ಹೊಂದಿತು.

ಕಡಿಯುತ್ತಿರುವುದು ಹೈ ತಂತಿಯೋ, ಲೋ ತಂತಿಯೋ, ಎರಡೂ ಒಟ್ಟಿಗೋ? ಅದಕ್ಕೆ ಬ್ಯಾಟರಿ ಕಟ್ಟಿ, ಅದೇ ಎರಡು ಪಿನ್‌ಗೆ ವೋಲ್ಟೇಜ್ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಹಾಕಿದೆ. ಚೆನ್ನಾಗಿರುವಾಗ ಎರಡು ಗೆರೆಗಳು ಕನ್ನಡಿಯ ಬಿಂಬದ ಹಾಗೆ. ಒಂದು ಮೇಲಕ್ಕೆ ಹೋದರೆ ಇನ್ನೊಂದು ಕೆಳಕ್ಕೆ. ಎಂಜಿನ್ ಅಲ್ಲಾಡಿಸಿದಾಗ ಕೆಲವು ಸಂದೇಶಗಳು ಹಾಗೇ ಇದ್ದವು. ಅವು ಒಳಗಿನವರದು. ಇನ್ನು ಕೆಲವು ಸಂದೇಶಗಳಲ್ಲಿ ಎರಡೂ ಗೆರೆ ಜೊತೆಯಾಗಿ ಮೇಲಕ್ಕೆ ಎದ್ದು ಜೊತೆಯಾಗಿ ಇಳಿಯುತ್ತಿದ್ದವು.

ಈ ಚಿತ್ರವನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಅದರ ಅರ್ಥ ಇಷ್ಟು: ಲೋ ತಂತಿ ಕಡಿದಿದೆ, ಹೈ ತಂತಿ ಕಡಿದಿಲ್ಲ. ಹೊರಗಿನವರು ಹೈ ತಂತಿಯನ್ನು ಎತ್ತಿದಾಗ ಅದು ಒಳಗೂ ಏರುತ್ತದೆ. ಒಳಗಿನ ಲೋ ತಂತಿಗೆ ಆಚೆಯಿಂದ ಎಳೆಯುವವರು ಯಾರೂ ಇಲ್ಲ. ಅದು ಮೀಟರ್ ಒಳಗಿನ 120 ಓಮ್ ಮೂಲಕ ಹೈ ತಂತಿಗೇ ಕಟ್ಟಿಕೊಂಡಿದೆ, ಹಾಗಾಗಿ ಅದರ ಹಿಂದೆಯೇ ಏರುತ್ತದೆ. ಎರಡರ ನಡುವೆ ವ್ಯತ್ಯಾಸವೇ ಇಲ್ಲ. ಮಾಡ್ಯೂಲ್ ಓದುವುದು ವ್ಯತ್ಯಾಸವನ್ನು ಮಾತ್ರ, ಆದ್ದರಿಂದ ಅದಕ್ಕೆ ಏನೂ ಕೇಳುವುದಿಲ್ಲ. ಹೊರಗಿನ ಗದ್ದಲ ಎರಡೂ ತಂತಿಗೆ ಒಂದೇ ಸಮ ಬಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅಂತಲೇ ಕ್ಯಾನನ್ನು ಹೀಗೆ ಮಾಡಿರುವುದು. ಆ ಒಳ್ಳೆಯ ಗುಣವೇ ಇಲ್ಲಿ ಎಂಜಿನ್ ಮಾತನ್ನೂ ಗದ್ದಲದ ಲೆಕ್ಕಕ್ಕೆ ಸೇರಿಸಿತ್ತು.

ಕನೆಕ್ಟರ್

ವೈರಿಂಗ್ ನಕ್ಷೆಯಲ್ಲಿ ಎರಡು ಗುಂಪಿನ ನಡುವೆ ಇದ್ದದ್ದು ಒಂದೇ ಒಂದು ಕನೆಕ್ಟರ್. ಎಂಜಿನ್ ಹಿಂದೆ, ಒಳಗಿನ ಹಾರ್ನೆಸ್ (ವೈರ್‌ಗಳ ಕಟ್ಟು) ಹೊರಗಿನ ಹಾರ್ನೆಸ್‌ಗೆ ಸೇರುವ ಜಾಗದಲ್ಲಿ. ಅದನ್ನು ಮುಟ್ಟಿದ ಕೂಡಲೇ ಒಂದು ವಿಷಯ ಕಂಡಿತು. ಹಾರ್ನೆಸ್ ಹಿಡಿದುಕೊಳ್ಳಬೇಕಾದ ಕ್ಲಿಪ್ ಇರಲಿಲ್ಲ. ಅಷ್ಟೂ ವೈರ್‌ನ ಭಾರ ಕನೆಕ್ಟರ್ ಮೇಲೆ ಜೋತುಬಿದ್ದಿತ್ತು. ಎಂಜಿನ್ ಅಲ್ಲಾಡಿದಾಗಲೆಲ್ಲ ಅದು ಕನೆಕ್ಟರನ್ನು ಎಳೆಯುತ್ತಿತ್ತು. ಈ ತೊಂದರೆ ಶುರುವಾಗುವ ಸ್ವಲ್ಪ ಮೊದಲು ಗೇರ್‌ಬಾಕ್ಸ್ ಇಳಿಸಿ ಕೆಲಸ ಮಾಡಿಸಿದ್ದು ನಿಜ ಅಂತ ಮಾಲೀಕರು ಕೇಳಿದ ಮೇಲೆ ನೆನಪಿಸಿಕೊಂಡರು.

ಕನೆಕ್ಟರ್ ಬಿಚ್ಚಿದೆ. ತುಕ್ಕು ಇಲ್ಲ, ನೀರು ಇಲ್ಲ, ಎಲ್ಲ ಹೊಳೆಯುತ್ತಿದೆ. ಬರೀ ಕಣ್ಣಲ್ಲಿ ನೋಡಿದ್ದರೆ ಮತ್ತೆ ಜೋಡಿಸಿ ಬಿಡುತ್ತಿದ್ದೆನೋ ಏನೋ. ಇಂಥ ಕಡೆ ಕೈ ನಂಬಬೇಕು. ಅದೇ ಅಳತೆಯ ಒಂದು ಹೊಸ ಗಂಡು ಪಿನ್ ತೆಗೆದುಕೊಂಡು ಒಂದೊಂದೇ ಹೆಣ್ಣು ಪಿನ್ ಒಳಗೆ ತೂರಿಸಿ ಎಳೆದು ನೋಡಿದೆ. ಹೈ ತಂತಿಯ ಪಿನ್ ಗಟ್ಟಿಯಾಗಿ ಹಿಡಿಯಿತು. ಪಕ್ಕದವು ಹಿಡಿದವು. ಲೋ ತಂತಿಯ ಪಿನ್‌ನಲ್ಲಿ ಹಿಡಿತವೇ ಇಲ್ಲ, ಹಾಕಿದ ಪಿನ್ ಹಾಗೇ ಜಾರಿ ಹೊರಬಂತು. ಟಾರ್ಚ್ ಹಿಡಿದು ನೋಡಿದರೆ ಒಳಗಿನ ಸ್ಪ್ರಿಂಗ್ ಎಲೆ ಅಗಲಿಸಿಕೊಂಡಿತ್ತು. ಯಾವುದೋ ದಪ್ಪ ಪ್ರೋಬ್ ಮೊನೆಯನ್ನು ಅದರೊಳಗೆ ಒತ್ತಿದ ಗುರುತು.

ಇದು ನಮ್ಮ ಕೆಲಸದಲ್ಲಿ ತುಂಬ ಸುಲಭವಾಗಿ ಆಗುವ ತಪ್ಪು. ಪಿನ್‌ಗೆ ಹೊಂದುವ ತೆಳ್ಳನೆ ಪ್ರೋಬ್ ಕೈಗೆ ಸಿಗುವುದಿಲ್ಲ, ಮಲ್ಟಿಮೀಟರ್ ಜೊತೆ ಬಂದ ಮೊನೆಯನ್ನೇ ಒತ್ತುತ್ತೇವೆ. ಅಳತೆ ಸರಿಯಾಗಿ ಬರುತ್ತದೆ, ಪಿನ್ ಹಾಳಾಗುತ್ತದೆ. ಕ್ಲಿಪ್ ಸರಿಯಾಗಿದ್ದಿದ್ದರೆ ಈ ಸಡಿಲ ಪಿನ್ ಬಹುಶಃ ಇನ್ನೂ ಬಹಳ ದಿನ ನಡೆಸುತ್ತಿತ್ತು. ಪಿನ್ ಸರಿಯಾಗಿದ್ದಿದ್ದರೆ ಕ್ಲಿಪ್ ಇಲ್ಲದಿದ್ದರೂ ನಡೆಯುತ್ತಿತ್ತು. ಎರಡೂ ಸೇರಿದ್ದು ಗ್ರಹಚಾರ.

ಹೈ ಮತ್ತು ಲೋ ಎರಡಕ್ಕೂ ಅದೇ ಮಾದರಿಯ ಹೊಸ ಪಿನ್ ಹಾಕಿದೆ. ಬೆಸುಗೆ ಹಾಕದೆ ಸರಿಯಾದ ಕ್ರಿಂಪಿಂಗ್ ಟೂಲ್‌ನಲ್ಲೇ ಒತ್ತಿದೆ. ಎರಡು ತಂತಿಯ ಹೆಣಿಗೆಯನ್ನು ಕನೆಕ್ಟರ್‌ನ ಹತ್ತಿರದವರೆಗೂ ಹಾಗೇ ಉಳಿಸಿಕೊಂಡೆ. ಹೆಣಿಗೆ ಜಾಸ್ತಿ ಬಿಚ್ಚಿದರೆ ಗದ್ದಲ ಎರಡೂ ತಂತಿಗೆ ಒಂದೇ ಸಮ ಬೀಳುವುದಿಲ್ಲ. ಕ್ಲಿಪ್ ಹೊಸದು ತಂದು ಹಾರ್ನೆಸನ್ನು ಅದರ ಜಾಗಕ್ಕೆ ಕಟ್ಟಿದೆ.

ಆಮೇಲೆ ಬ್ಯಾಟರಿ ಬಿಚ್ಚಿ ಅದೇ ಪರೀಕ್ಷೆ. ಎಂಜಿನ್ ಅಲ್ಲಾಡಿಸಿದರೂ, ಹಾರ್ನೆಸ್ ಎಳೆದರೂ, ಅತಿ ಕಡಿಮೆ 60, ಅತಿ ಹೆಚ್ಚೂ 60. ಬ್ಯಾಟರಿ ಕಟ್ಟಿ ಕೋಡ್ ಅಳಿಸಿ, ಸ್ಕೋಪ್ ಹಾಕಿಕೊಂಡೇ ಹಂಪ್‌ಗಳ ಮೇಲೆ ಓಡಿಸಿದೆವು. ಎರಡು ಗೆರೆ ಒಮ್ಮೆಯೂ ಜೊತೆಯಾಗಿ ಏಳಲಿಲ್ಲ.

ಬದಲಿಸಿದ್ದ ಎಬಿಎಸ್ ಮಾಡ್ಯೂಲನ್ನು ತೆಗೆದು ಹಳೆಯದನ್ನೇ ಹಾಕಬಹುದೇ ಅಂತ ಮಾಲೀಕರು ಕೇಳಿದರು. ಮಾಡಬಹುದು, ಆದರೆ ಬ್ರೇಕ್ ಎಣ್ಣೆಯ ಪೈಪ್ ಬಿಚ್ಚಬೇಕು, ಗಾಳಿ ತೆಗೆಯಬೇಕು, ಮತ್ತೆ ಕೋಡಿಂಗ್ ಮಾಡಬೇಕು. ಚೆನ್ನಾಗಿ ಕೆಲಸ ಮಾಡುತ್ತಿರುವ ಬ್ರೇಕನ್ನು ಸುಮ್ನೆ ಬಿಚ್ಚುವುದು ಬೇಡ ಅಂದೆ. ಅವರು ಒಪ್ಪಿದರು.

ಎರಡು ವಾರ ಬಿಟ್ಟು ಗಾಡಿ ತರಲು ಹೇಳಿದ್ದೆ. ತಂದರು. ಏಳು ಮಾಡ್ಯೂಲನ್ನೂ ಮತ್ತೆ ಒಂದೊಂದಾಗಿ ತೆರೆದೆವು. ಈ ಸಲ ಕಾಗದ ಹಿಡಿದು ಕೂತವನು ಹುಡುಗ. ಏಳು ಸಾಲು, ಏಳು ಕಂಬ ಎಳೆದುಕೊಂಡ. ಗುರುತು ಹಾಕಲು ಒಂದೂ ಸಿಗಲಿಲ್ಲ. ಮಾಲೀಕರ ಮನೆಯವರು ಹಿಂದಿನ ಸೀಟಿನಲ್ಲಿ ಕೂತಿದ್ದರು.